ಗೋಡೆ ಮುಗಿವಲ್ಲಿ

ಈ ಊರಿನ ಹೆಸರೇ ಗೋಡೆಯ ಕೊನೆ. ವಾಲ್ಸೆಂಡ್.
ಮೆಟ್ರೊ ನಿಲ್ದಾಣದಲ್ಲಿ ಸಿಗರೇಟು ಸೇದಬೇಡಿ ಎಂದು
ಲ್ಯಾಟಿನ್ನಿನಲ್ಲೂ ಬರೆದಿದ್ದಾರೆ,
ಸತ್ತ ಸೈನಿಕರು ದಂಡ ಕಟ್ಟದಿರಲೆಂದೋ ಏನೋ.
ನಮ್ಮ ಬಸ್‌ಸ್ಟ್ಯಾಂಡಿನ ಮೂತ್ರಿಗೆ
ಹಳಗನ್ನಡದ ಬೋರ್ಡು ಹಾಕಿದ ಹಾಗೆ.

ಮಂಗಳವಾರ, ಶುಕ್ರವಾರ ನಾನಿಲ್ಲಿ ಇಳಿಯುತ್ತೇನೆ,
ಚೀಲದಲ್ಲಿ ಹತ್ತಿ, ಉಪ್ಪುನೀರು, ನಾಲ್ಕು ಸುರುಳಿ ಪಟ್ಟಿ.
ಸ್ಟ್ಯಾನ್ ಹೆಡ್ಲಿಯ ಎಡಗಾಲ ಹುಣ್ಣು
ಎರಡು ವರ್ಷದಿಂದ ವಾಸಿಯಾಗುತ್ತಲೇ ಇದೆ.
ಜಲಜಾಕ್ಷಿ ಎನ್ನಲು ಬಾರದೆ ಜಿಲ್ ಎನ್ನುತ್ತಾನೆ.
ಇರಲಿ. ಕುಂದಾಪುರವನ್ನು ಕೂಂಡಪೂರ್ ಮಾಡಿದ ಜನ,
ನನ್ನನ್ನು ಇಷ್ಟಕ್ಕೇ ಬಿಟ್ಟರಲ್ಲ.

ಅವನ ಕಿಟಕಿಯಿಂದ ಎರಡು ಹಾಳು ಒಟ್ಟಿಗೇ ಕಾಣುತ್ತವೆ.
ಮೇಲೆ ರೋಮಿನ ಕೋಟೆ: ಮೊಣಕಾಲೆತ್ತರದ ಕಲ್ಲುಗೆರೆ,
ಕುದುರೆ ಕಟ್ಟಿದ ಕೋಣೆ, ಉಚ್ಚೆ ಇಂಗಿದ ಗುಂಡಿ.
ಕೆಳಗೆ, ಟೈನ್ ದಂಡೆಗೆ, ಹಡಗು ಕಟ್ಟುತ್ತಿದ್ದ ಬಯಲು:
ಸಿಮೆಂಟಿನ ಬಿರುಕಿನಲ್ಲಿ ನೇರಳೆ ಹೂವಿನ ಕಳೆ.
ನಡುವೆ ಒಂದು ರಸ್ತೆ, ಒಂದು ಮೀನು-ಚಿಪ್ಸಿನಂಗಡಿ,
ಒಂದೂವರೆ ಸಾವಿರ ವರ್ಷ.

ಕೋಟೆ ಕಾದವರು ರೋಮಿನವರಲ್ಲ, ಗಾಲ್ ಸೀಮೆಯ ಯಾರದೋ ಮಕ್ಕಳು.
ನದಿ ಕಡಲು ಸೇರುವಲ್ಲಿ, ನಾಲ್ಕೈದು ಮೈಲಿ ಆಚೆ,
ಟೈಗ್ರಿಸ್ಸಿನ ಅಂಬಿಗರಿದ್ದರಂತೆ,
ಈ ಚಳಿಯಲ್ಲಿ, ಖರ್ಜೂರದ ಕನಸು ಚೀಪುತ್ತ.
ಸಾಮ್ರಾಜ್ಯ ಅಂದರೆ ಇಷ್ಟೇ ಇರಬಹುದು:
ಒಬ್ಬರ ಮನೆಯ ಬಾಗಿಲನ್ನು
ಇನ್ನೊಬ್ಬರ ಮಗ ಕಾಯುವುದು,
ಸಂಬಳ ಮಾತ್ರ ಮೂರನೆಯವರ ಮುಖವಿದ್ದ ನಾಣ್ಯದಲ್ಲಿ.
ನನ್ನ ಪರ್ಸಿನ ನೋಟಿನಲ್ಲೂ ಮೊನ್ನೆ ಮುಖ ಬದಲಾಯಿತು.

ಪಟ್ಟ ಕಟ್ಟಿದವರು ಹೋದರು. ನಾನು ಪಟ್ಟಿ ಕಟ್ಟುತ್ತೇನೆ,
ಹಿಮ್ಮಡಿಯಿಂದ ಮೊಣಕಾಲಿಗೆ,
ತೀರ ಬಿಗಿಯಲ್ಲ, ತೀರ ಸಡಿಲಲ್ಲ.

ಸ್ಟ್ಯಾನ್ ಕ್ರೇನಿನ ತುದಿಯಲ್ಲಿ ಕೂತದ್ದು ಮೂವತ್ತೊಂದು ವರ್ಷ.
ಕೆಳಗೆ ಏಳುತ್ತಿರುವ ಹಡಗಿನ ಪಕ್ಕೆಲುಬು, ಮೇಲೆ ಅವನ ಚಹಾ ಫ್ಲಾಸ್ಕು.
"ಹಡಗು ಇಳಿಸಲು ಬಂದ ದೊಡ್ಡವರ ಟೋಪಿಗಳೆಲ್ಲ
ಅಲ್ಲಿಂದ ಬಾಟಲಿ ಮುಚ್ಚಳ," ಎನ್ನುತ್ತಾನೆ.
ಆಮೇಲೆ ಕ್ರೇನುಗಳನ್ನೇ ಬಿಚ್ಚಿ ಹಡಗಿಗೇರಿಸಿ ಮಾರಿದರು.
ಊರೆಲ್ಲ ದಂಡೆಗೆ ಬಂದು ನಿಂತಿತ್ತು, ಹೆಣ ಎತ್ತುವಾಗಿನ ಹಾಗೆ.
ಎಲ್ಲಿಗೆ ಹೋದವು?
"ನಿಮ್ಮಲ್ಲಿಗೇ, ಜಿಲ್. ನಿಮ್ಮ ಕಡಲಿಗೆ.
ನಿಂತಿವೆಯಾ ಅಂತ ಕೇಳಿ ಹೇಳ್ತೀಯಾ?"

ಸುಳ್ಳೇಕೆ, ಒಳಗೆ ಏನೋ ಕುಣಿಯಿತು.
ನಮ್ಮ ಅಜ್ಜಿಯ ಉಪ್ಪಿಗೆ ಸುಂಕ ಹಾಕಿದವರ ಕಬ್ಬಿಣ
ನಮ್ಮ ಮರಳಿನಲ್ಲಿ!

ತಮ್ಮ ಕರುಣಾಕರ ಬೈಕಿನಲ್ಲಿ ಹೋಗಿ ನೋಡಿ ಬಂದ.
"ಗೇಟಿಗೆ ಬೀಗ ಉಂಟು ಅಕ್ಕ. ಕಂಪನಿ ಮುಳುಗಿ ಆರೇಳು ವರ್ಷ ಆಯ್ತಂತೆ.
ಒಂದು ನಿಂತಿದೆ. ಉಳಿದದ್ದು ಹುಲ್ಲೊಳಗೆ, ಜೋಡಿಸ್ಲೇ ಇಲ್ಲ.
ಕೊಕ್ಕೆಯ ಮೇಲೆ ಗಿಡುಗನ ಗೂಡು.
ಒಡಿಶಾದ ಒಬ್ಬ ವಾಚ್‌ಮನ್ ಇದ್ದಾನೆ,
ಸಂಬಳ ಇಲ್ಲ, ಬಿಟ್ಟು ಹೋಗ್ಲಿಕ್ಕೂ ಮನಸ್ಸಿಲ್ಲ.
ಹಾಳೂರಿಗೆ ಉಳಿದವನೇ ಗೌಡ, ಅಲ್ವಾ."
ಅವನು ನಕ್ಕ. ಹಿಂದೆ ಅಲೆ ಕೇಳಿಸುತ್ತಿತ್ತು.

ಕಲ್ಲಿಗೆ ದಾನ ಬರೆಸಿದ ನಮ್ಮ ಅರಸರೆಲ್ಲ
ಕೊನೆಗೊಂದು ಮಾತು ಕೆತ್ತಿಸುತ್ತಿದ್ದರು: ಆಚಂದ್ರಾರ್ಕ.
ಸಾಕ್ಷಿಗೆ ಕರೆಸಿದ ಆ ಇಬ್ಬರೂ ಈಗಲೂ ಬರುತ್ತಾರೆ,
ಬದಲಿ ಬದಲಿಯಾಗಿ, ರಜೆಯಿಲ್ಲದೆ.
ಪಾಳಿ ಮುಗಿಯಿತೆಂದು ಅವರಿಗೆ ಯಾರೂ ತಿಳಿಸಿಲ್ಲ.

ಶುಕ್ರವಾರ ಎಲ್ಲ ಹೇಳಿದೆ. ಬೀಗ, ಹುಲ್ಲು, ಗಿಡುಗ.
ಸ್ಟ್ಯಾನ್ ಬಹಳ ಹೊತ್ತು ಬಯಲು ನೋಡಿದ.
ನಾನು ಹಳೆಯ ಪಟ್ಟಿ ಬಿಚ್ಚಿದೆ. ಹುಣ್ಣಿನಂಚಿಗೆ
ಅಕ್ಕಿಕಾಳಿನಷ್ಟು ಹೊಸ ಚರ್ಮ.
"ಆ ಕಾವಲುಗಾರನಿಗೆ ಹೇಳು," ಎಂದ,
"ತಿರುಗುಚಕ್ರಕ್ಕೆ ತಿಂಗಳಿಗೊಮ್ಮೆ ಗ್ರೀಸು ಹಾಕಲಿ.
ಮರಿಗಳು ಹಾರಿದ ಮೇಲೆ."